ಜಗಲಿ ಮಾತು: ಎಜ್ಡಿಗೊಂದು ಹೊಸ ಸೈಲೆನ್ಸರ್

ದಸರಾ ರಜೆ ಶುರುವಾಯಿತೆಂದರೆ ಆಲ್ಕೊಳದ ನಮ್ಮ ಮನೆಯ ಜಗಲಿ ಗ್ಯಾರೇಜಾಗಿಬಿಡುತ್ತದೆ. ಈ ಸಲವೂ ಹಾಗೇ ಆಯಿತು. ಎಂಟನೇ ತರಗತಿಯ ಮೊಮ್ಮಗ, ಅವನ ಚಿಕ್ಕಪ್ಪ, ಇಬ್ಬರ ನಡುವೆ ಒಂದು ಹಳೇ ಗೋಣಿಚೀಲ, ಅದರ ಮೇಲೆ ಎಜ್ಡಿ ಬೈಕಿನ ಎರಡು ಸೈಲೆನ್ಸರ್. ಮೊಮ್ಮಗ ಒಂದನ್ನು ಎತ್ತಿ ಅಲ್ಲಾಡಿಸಿದ. ಒಳಗಿದ್ದ ತುಕ್ಕಿನ ಪುಡಿಯೆಲ್ಲ ಅವನ ಅಜ್ಜಿ ಬೆಳಿಗ್ಗೆಯಷ್ಟೇ ಇಟ್ಟ ರಂಗೋಲಿಯ ಮೇಲೆ ಸುರಿಯಿತು. ಆಮೇಲೆ ಏನಾಯಿತೆಂದು ನಾನು ಬರೆಯುವುದಿಲ್ಲ.

ಆ ಬೈಕು ನನ್ನ ತಮ್ಮನದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದ. ಅವನು ಹೋಗಿ ಆರು ವರ್ಷವಾಯಿತು. ಬೈಕನ್ನು ಈಗ ನನ್ನ ಚಿಕ್ಕ ಮಗ ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮಣ್ಣುದಾರಿಗೆಂದು ಸಜ್ಜು ಮಾಡುತ್ತಿದ್ದಾನೆ. ಗಂಟುಗಂಟಾದ ಟೈರು ಹಾಕಿಸಿದ್ದಾನೆ, ಹ್ಯಾಂಡಲ್ ಎತ್ತರಿಸಿದ್ದಾನೆ, ಅದನ್ನು ಈಗ ‘ಡರ್ಟ್ ಬೈಕ್’ ಎನ್ನಬೇಕಂತೆ. ನಮ್ಮ ಕಾಲದಲ್ಲಿ ಎಲ್ಲ ದಾರಿಯೂ ಮಣ್ಣಿನದೇ ಆದ್ದರಿಂದ ಎಲ್ಲ ಬೈಕೂ ಡರ್ಟ್ ಬೈಕೇ ಆಗಿತ್ತು.

ಮಕ್ಕಳೇ, ಎಜ್ಡಿ ನಮ್ಮ ಮೈಸೂರಿನ ಕೂಸು. 1961ರಲ್ಲಿ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳ ತಯಾರಿ ಶುರುವಾಯಿತು, ಆಮೇಲೆ ಅದಕ್ಕೆ ಎಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಕಡ್ಡಿಯಲ್ಲಿ ಕಿಕ್ಕರೂ ಹೌದು, ಗೇರೂ ಹೌದು. ಎಂಜಿನ್ನಿಗೆ ಒಂದೇ ಸಿಲಿಂಡರು, ಹೊಗೆಗೆ ಮಾತ್ರ ಎಡಕ್ಕೊಂದು ಬಲಕ್ಕೊಂದು ಎರಡು ದಾರಿ. ಕಾರ್ಖಾನೆಯೇ ಇಲ್ಲದ ಮೇಲೆ ಅದರದೇ ಸೈಲೆನ್ಸರ್ ಎಲ್ಲಿಂದ ಬರಬೇಕು? ಬೇರೆಯವರು ಮಾಡಿದ್ದನ್ನೇ ಆರಿಸಿ ಕೊಳ್ಳಬೇಕು. ಎರಡು ವರ್ಷದ ಹಿಂದೆ ಹಾಗೇ ಥಳಥಳಿಸುವ ಒಂದು ಜೋಡಿ ತಂದೆವು. ಈಗ ರಂಗೋಲಿಯ ಮೇಲೆ ಸುರಿದದ್ದು ಅದೇ.

“ಈ ಸಲ ಹೊಟ್ಟೆ ಉಬ್ಬಿದ ಪೈಪು ಹಾಕಿಸೋಣ, ಅಪ್ಪ” ಎಂದ ಚಿಕ್ಕ ಮಗ. ರೇಸಿನ ಟೂ ಸ್ಟ್ರೋಕ್ ಬೈಕುಗಳಲ್ಲಿ ನೀವು ನೋಡಿರಬಹುದು, ಹೆಬ್ಬಾವು ಕುರಿ ನುಂಗಿದಂತೆ ನಡುವೆ ಉಬ್ಬಿದ ಕೊಳವೆ. ಅದು ಚಂದಕ್ಕೆ ಉಬ್ಬಿದ್ದಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಗೆ ಹೋಗುವಾಗಲೇ ಹೊಸ ಪೆಟ್ರೋಲಿನ ಗಾಳಿ ಒಳಗೆ ಬರುತ್ತದೆ. ಬಸ್ಸಿನ ಒಂದೇ ಬಾಗಿಲಲ್ಲಿ ಇಳಿಯುವವರೂ ಹತ್ತುವವರೂ ನುಗ್ಗಿದ ಹಾಗೆ, ಹತ್ತಬೇಕಾದವರೂ ಕೆಲವರು ಇಳಿಯುವವರ ಜೊತೆ ಹೊರಗೇ ತಳ್ಳಿಸಿಕೊಳ್ಳುತ್ತಾರೆ. ಸಿಲಿಂಡರಿನಿಂದ ಧಡಕ್ಕನೆ ಹೊರಟ ಒತ್ತಡದ ಅಲೆ ಕೊಳವೆ ಅಗಲವಾಗುವ ಕಡೆ ಹಿಂದಕ್ಕೊಂದು ಸೆಳೆತ ಕಳಿಸಿ ಹೊಗೆಯನ್ನು ಹೀರುತ್ತದೆ. ಮುಂದೆ ಕೊಳವೆ ಕಿರಿದಾಗುವ ಕಡೆ ಡಿಕ್ಕಿ ಹೊಡೆದು ವಾಪಸು ಬಂದ ಅಲೆ, ತಪ್ಪಿಸಿಕೊಂಡ ಪೆಟ್ರೋಲಿನ ಗಾಳಿಯನ್ನು ಬಾಗಿಲು ಮುಚ್ಚುವುದರೊಳಗೆ ಮತ್ತೆ ಒಳಗೆ ತಳ್ಳುತ್ತದೆ. ನಿಮಿಷಕ್ಕೆ 5000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಇದು ಸೆಕೆಂಡಿಗೆ 83 ಸಲ ನಡೆಯಬೇಕು!

ಈ ವಿದ್ಯೆಯನ್ನು ಪಳಗಿಸಿದವನು ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. 1961ರಲ್ಲಿ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿಹೋಗಿ, ಗುಟ್ಟನ್ನೆಲ್ಲ ಜಪಾನಿನ ಸುಜುಕಿಗೆ ಮುಟ್ಟಿಸಿದ. ಮರುವರ್ಷವೇ ಸುಜುಕಿ ಬೈಕಿನ ಮೇಲೆ ಕೂತು 50 ಸಿಸಿ ವಿಶ್ವ ಚಾಂಪಿಯನ್ ಆದ. ಈ ಕಥೆ ಕೇಳಿದ ಮೇಲೆ ಮೊಮ್ಮಗನೂ ಚಿಕ್ಕಪ್ಪನ ಪಕ್ಷ ಸೇರಿಕೊಂಡ.

ನಾನು ಒಪ್ಪಲಿಲ್ಲ. ಆ ಅಲೆ ಸಮಯಕ್ಕೆ ಸರಿಯಾಗಿ ವಾಪಸು ಬರುವುದು ಒಂದು ವೇಗದ ಆಸುಪಾಸಿನಲ್ಲಿ ಮಾತ್ರ. ರೇಸಿನವರು ಅದನ್ನು ಹೆಚ್ಚು ವೇಗಕ್ಕೆ ಹೊಂದಿಸಿರುತ್ತಾರೆ. ತೋಟದ ಏರಿನಲ್ಲಿ ಕೆಸರು ತುಳಿದು ಹತ್ತಲು ಬೇಕಾದದ್ದು ಕಡಿಮೆ ವೇಗದ ಎಳೆತ. ಅಲ್ಲದೆ ಉಬ್ಬಿದ ಹೊಟ್ಟೆ ಬೈಕಿನ ಕೆಳಗೆ ನೇತಾಡಿದರೆ ಮೊದಲ ಕಲ್ಲಿಗೇ ತಗ್ಗು. ತಗ್ಗು ಬಿದ್ದರೆ ಕೊಳವೆಗೆ ನೀರು ತುಂಬಿಸಿ, ಎರಡೂ ತುದಿ ಬಿಗಿದು, ಮಂಜುಗಡ್ಡೆಯಾಗಿಸಿ ಎಬ್ಬಿಸುವವರಿದ್ದಾರೆ. ನೀರು ಗಡ್ಡೆಕಟ್ಟುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದಲ್ಲ! ಮೊಮ್ಮಗ ಇದನ್ನು ಕೇಳಿ ಅಡುಗೆಮನೆಯ ಕಡೆ ನೋಡಿದ. ಅಜ್ಜಿ ಹೋಗಿ ಫ್ರಿಜ್ಜಿಗೆ ಅಡ್ಡ ನಿಂತಳು.

ಹಳೆಯದು ಯಾಕೆ ಹಾಳಾಯಿತೆಂದು ತಿಳಿಯದೆ ಹೊಸದು ಕೊಳ್ಳುವುದು ಹೇಗೆ? ಗೋಪಾಳದ ಕಡೆಯ ಹಳೇ ಮೆಕ್ಯಾನಿಕ್ ಒಬ್ಬರಲ್ಲಿಗೆ ಮೂವರೂ ಹೋದೆವು. ನಾನು ದಾರಿಯುದ್ದಕ್ಕೂ ಮಾರಿದವರನ್ನು ಬೈಯುತ್ತಲೇ ಹೋದೆ. ಅವರು ಸೈಲೆನ್ಸರನ್ನು ಉದ್ದಕ್ಕೆ ಕೊಯ್ದು ತೋರಿಸಿದರು. ಹೊರಗಿಗಿಂತ ಒಳಗೇ ಹೆಚ್ಚು ತುಕ್ಕು, ಅದೂ ತಳದಲ್ಲಿ.

“ಯಜಮಾನ್ರೇ, ಸ್ಟಾರ್ಟ್ ಮಾಡಿ ಹಾಗೇ ಆಫ್ ಮಾಡ್ತಿದ್ರಾ?” ಎಂದು ಕೇಳಿದರು.

ಮೊಮ್ಮಗ ನನ್ನ ಮುಖ ನೋಡಿದ. ಹೌದು. ಪ್ರತಿ ಭಾನುವಾರ ಬೆಳಿಗ್ಗೆ ಎರಡು ನಿಮಿಷ ಸ್ಟಾರ್ಟ್ ಮಾಡಿಟ್ಟು ಕೇಳುತ್ತಿದ್ದೆ. ತಮ್ಮ ಗೇಟಿನ ಹತ್ತಿರ ಬಂದ ಹಾಗೆ ಆಗುತ್ತಿತ್ತು, ಅಷ್ಟೇ.

ಅವರು ವಿವರಿಸಿದರು. ಒಂದು ಲೀಟರ್ ಪೆಟ್ರೋಲು ಪೂರ್ತಿ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಕೊಳವೆ ಚೆನ್ನಾಗಿ ಕಾದರೆ ಅದು ಆವಿಯಾಗಿ ಹಾರಿಹೋಗುತ್ತದೆ. ಎರಡೇ ನಿಮಿಷಕ್ಕೆ ನಿಲ್ಲಿಸಿದರೆ ತಣ್ಣನೆಯ ತಗಡಿಗೆ ಬೆವರಂತೆ ಕೂತು ತಳಕ್ಕೆ ಇಳಿಯುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆ ಬೆರೆಸುವ ಆಯಿಲ್ಲಿನ ಲೇಪ ಸ್ವಲ್ಪ ಕಾಪಾಡುತ್ತದೆ, ಪೂರ್ತಿ ಅಲ್ಲ. ಭದ್ರಾವತಿಯ ಕುಲುಮೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿದ್ದ ಕಾಲವನ್ನು ತಮ್ಮ ಹೇಳುತ್ತಿದ್ದ, ನಾವು ಮಣ್ಣನ್ನು ಕಬ್ಬಿಣ ಮಾಡ್ತೀವಿ, ಮಳೆ ಅದನ್ನು ಮತ್ತೆ ಮಣ್ಣು ಮಾಡ್ತದೆ ಅಂತ. ಅವನ ಬೈಕಿಗೆ ನಾನೇ ಮಳೆಯಾಗಿದ್ದೆ.

ಮಾರಿದವರನ್ನು ಬೈಯುವುದು ನಿಲ್ಲಿಸಿದೆ. ತಗಡು ತೆಳುವಾಗಿದ್ದದ್ದಂತೂ ನಿಜ. ತಗಡಿನ ದಪ್ಪಕ್ಕೆ ಗೇಜ್ ಎಂಬ ಅಳತೆಯಿದೆ, ಅದು ಉಲ್ಟಾ ಲೆಕ್ಕ. 20 ಗೇಜ್ ಅಂದರೆ ಸುಮಾರು 0.9 ಮಿಲಿಮೀಟರ್, 18 ಗೇಜ್ ಅಂದರೆ ಸುಮಾರು 1.2. ಸಂಖ್ಯೆ ಚಿಕ್ಕದಾದಷ್ಟೂ ತಗಡು ದಪ್ಪ. ಕಲ್ಲುದಾರಿಗೆ ತೂಕ ಹೆಚ್ಚಾದರೂ 18 ಗೇಜೇ ಇರಲಿ ಎಂದರು ಮೆಕ್ಯಾನಿಕ್.

ಮೊಮ್ಮಗ ಅಂಗಡಿಗೆ ಹಾಳಾದ ಸ್ಪೀಕರಿನ ಅಯಸ್ಕಾಂತ ಹಿಡಿದುಕೊಂಡೇ ಬಂದ. ‘ಸ್ಟೀಲು’ ಎಂದು ತೋರಿಸಿದ ಒಂದಕ್ಕೆ ಅದು ಗಟ್ಟಿಯಾಗಿ ಅಂಟಿಕೊಂಡಿತು. ಸಾಮಾನ್ಯ ಕಬ್ಬಿಣದ ತಗಡು, ಮೇಲೆ ಕ್ರೋಮಿಯಂ ಹೊಳಪು ಎಂದು ಅವನು ತೀರ್ಪು ಕೊಟ್ಟ. ಊಟದ ತಟ್ಟೆಯ ಬಗೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಅಷ್ಟಾಗಿ ಅಂಟದು. ಆದರೆ ನಿಕಲ್ ಬೆರೆಸದ ಸ್ಟೇನ್‌ಲೆಸ್ಸೂ ಉಂಟು, ಅದಕ್ಕೆ ಅಂಟುತ್ತದೆ. ಹಾಗಾಗಿ ಅಯಸ್ಕಾಂತವೊಂದನ್ನೇ ನಂಬಿ ಜಗಳ ತೆಗೆಯಬೇಡಿ. ಇನ್ನೊಂದು ಮಾತು: ಸ್ಟೇನ್‌ಲೆಸ್ ಬೇಗ ತುಕ್ಕು ಹಿಡಿಯದು ನಿಜ, ಆದರೆ ತಗ್ಗು ಬಿದ್ದರೆ ಎಬ್ಬಿಸುವುದು, ಬಿರುಕು ಬಿಟ್ಟರೆ ಬೆಸೆಯುವುದು ಹಳ್ಳಿಯ ವೆಲ್ಡಿಂಗ್ ಶಾಪಿನಲ್ಲಿ ಸುಲಭವಲ್ಲ. ತೋಟದ ಬೈಕಿಗೆ ದಪ್ಪ ಕಬ್ಬಿಣದ ತಗಡೇ ವಾಸಿ ಎಂಬುದು ನನ್ನ ಅಭಿಪ್ರಾಯ. ಚಿಕ್ಕ ಮಗನದು ಬೇರೆ.

ಕೊನೆಗೆ ಆರಿಸಿದ್ದು ಹಳೇ ಮಾದರಿಯ ಜೋಡಿ, 18 ಗೇಜಿನದು. ಬೆಸುಗೆ ಎಲ್ಲೂ ಬಿಟ್ಟುಹೋಗದೆ ಒಂದೇ ಸಮ ಇತ್ತು. ಹಿಂದಿನ ತುದಿ ಬಿಚ್ಚಿದರೆ ಒಳಗಿನ ತೂತುಗಳ ಕೊಳವೆ ಹೊರಗೆ ಬರುತ್ತದೆ. ಇದು ಮುಖ್ಯ, ಯಾಕೆಂದರೆ ಅರೆಬೆಂದ ಆಯಿಲ್ಲಿನ ಮಸಿ ಆ ತೂತುಗಳಲ್ಲಿ ಕಟ್ಟಿಕೊಂಡರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ಆಗಾಗ ತೆಗೆದು ಕೆರೆಯಬೇಕು. ಕೆಲವು ಹುಡುಗರು ಅಬ್ಬರ ಬರಲೆಂದು ಆ ಕೊಳವೆಯನ್ನೇ ಕಿತ್ತೆಸೆಯುತ್ತಾರೆ. ಪಕ್ಕದ ಮನೆಯಲ್ಲಿ ಹೃದಯದ ಆಪರೇಷನ್ ಆದ ಅಜ್ಜಿ ಇದ್ದಾರೆ, ನಮ್ಮಲ್ಲಿ ಆ ಮಾತೇ ಬರಲಿಲ್ಲ. ಕಾನೂನೂ ಬಿಡುವುದಿಲ್ಲ. 2019ರ ತಿದ್ದುಪಡಿಯ ಮೇಲೆ ಇಂಥ ಸದ್ದಿಗೆ 10,000 ರೂಪಾಯಿವರೆಗೆ ದಂಡವಿದೆ. ಪೊಲೀಸರು ಅಂಥ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಫೋಟೋ ಪೇಪರಿನಲ್ಲಿ ನೀವೂ ನೋಡಿರುತ್ತೀರಿ.

ಈಗ ಭಾನುವಾರದ ಎರಡು ನಿಮಿಷ ರದ್ದಾಗಿದೆ. ಬದಲಿಗೆ ಚಿಕ್ಕ ಮಗ ಸಾಗರ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ, ಕೊಳವೆ ಚೆನ್ನಾಗಿ ಕಾಯಿಸಿಕೊಂಡು ಬರುತ್ತಾನೆ. ಮೊಮ್ಮಗನಿಗೆ ಲೈಸೆನ್ಸಿಗೆ ಇನ್ನೂ ಐದು ವರ್ಷ ಇದೆ, ಅವನು ಬರೀ ಒರೆಸುತ್ತಾನೆ. ನಾನು ಜಗಲಿಯಲ್ಲಿ ಕಾಫಿ ಹಿಡಿದು ಕೂತಿರುತ್ತೇನೆ. ಸರ್ಕಲ್ಲಿನ ಕಡೆಯಿಂದ ಆ ಡುಗುಡುಗು ಹತ್ತಿರವಾಗುತ್ತಾ ಬಂದು ಗೇಟಿನ ಹತ್ತಿರ ನಿಲ್ಲುತ್ತದೆ.

“ಬಂದ ನೋಡಿ” ಎನ್ನುತ್ತಾಳೆ ನನ್ನ ಹೆಂಡತಿ ಒಳಗಿನಿಂದ. ಯಾರು ಎಂದು ಅವಳೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.