ಕ್ರೂಗರ್ ಕಾಡಿನಲ್ಲಿ ಸಿಂಹದ ಬೆನ್ನು ಹತ್ತಿದ ಕಾರುಗಳು

ಸಾಮಾನ್ಯ ನಾಗರಿಕನೊಬ್ಬ ತನ್ನ ಕಾರನ್ನು ತಾನೇ ಓಡಿಸಿಕೊಂಡು ಆನೆ, ಸಿಂಹ, ಚಿರತೆಗಳಿರುವ ಕಾಡಿನಲ್ಲಿ ದಿನಗಟ್ಟಲೆ ತಿರುಗಾಡಬಹುದು ಎಂದರೆ ನಮ್ಮಲ್ಲಿ ಹಲವರು ನಂಬಲಿಕ್ಕಿಲ್ಲ. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಇದು 1927ರಿಂದ ನಡೆದುಬಂದಿರುವ ಪದ್ಧತಿ. ಆ ವರ್ಷ ಒಳಹೊಕ್ಕದ್ದು ಮೂರೇ ಕಾರುಗಳು. ಉದ್ಯಾನ ಅಧಿಕೃತವಾಗಿ ಸ್ಥಾಪನೆಯಾದದ್ದು ಅದರ ಹಿಂದಿನ ವರ್ಷ, 1926ರ ಮೇ 31ರಂದು. ಸುಮಾರು 19,500 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡಿನಲ್ಲಿ ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದಂಥವು ಇಪ್ಪತ್ತಕ್ಕೂ ಹೆಚ್ಚು ಅಡಗಬಹುದು.

ಈ ಪದ್ಧತಿ ನಿಂತಿರುವುದು ನಂಬಿಕೆಯ ಮೇಲೆ. ನಿಯಮಗಳು ಕೆಲವೇ. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಮಣ್ಣಿನ ರಸ್ತೆಯಲ್ಲಿ 40 ಕಿ.ಮೀ. ಮೀರುವಂತಿಲ್ಲ. ಗೊತ್ತುಪಡಿಸಿದ ಜಾಗಗಳಲ್ಲದೆ ಬೇರೆಲ್ಲೂ ಕಾರಿನಿಂದ ಇಳಿಯಬಾರದು. ಬಾಗಿಲು ಮುಚ್ಚುವ ಹೊತ್ತಿಗೆ ಶಿಬಿರದೊಳಗೆ ಇರಬೇಕು. ಇವನ್ನು ಪಾಲಿಸುವಂತೆ ನೋಡಿಕೊಳ್ಳಲು ಪಕ್ಕದಲ್ಲಿ ಮಾರ್ಗದರ್ಶಿಯಾಗಲಿ ಅರಣ್ಯ ರಕ್ಷಕನಾಗಲಿ ಕೂತಿರುವುದಿಲ್ಲ. ಮಧ್ಯಮವರ್ಗದ ಸಂಸಾರವೊಂದು ಹಳೆಯ ಕಾರಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ, ದುಬಾರಿ ಖಾಸಗಿ ವಸತಿಗೃಹಗಳ ಅತಿಥಿಗಳು ಕಾಣುವ ಆನೆಯನ್ನೇ ಕಂಡು ಬರುವುದು ಅಲ್ಲಿ ಸಾಧ್ಯ. ಆಫ್ರಿಕದ ವನ್ಯಪ್ರವಾಸವೆಂದರೆ ಸಿರಿವಂತರ ವಿಲಾಸ ಎಂಬ ಮಾತಿಗೆ ಕ್ರೂಗರ್ ದೊಡ್ಡ ಅಪವಾದ.

ಈ ನಂಬಿಕೆಗೆ ಈಗ ಪೆಟ್ಟು ಬೀಳುತ್ತಿದೆ. ಶಿಬಿರಗಳಲ್ಲಿ ಹಿಂದಿನಿಂದಲೂ ಒಂದು ನಕ್ಷೆಯ ಹಲಗೆ ಇರುತ್ತದೆ. ಆ ದಿನ ಸಿಂಹ ಎಲ್ಲಿ ಕಂಡಿತು, ಚಿರತೆ ಎಲ್ಲಿ ಕಂಡಿತು ಎಂದು ಪ್ರವಾಸಿಗರೇ ಅದರ ಮೇಲೆ ಗುರುತು ಹಚ್ಚುತ್ತಾರೆ. ಸಂಜೆ ಹಚ್ಚಿದ ಗುರುತನ್ನು ಮರುದಿನ ಬೆಳಿಗ್ಗೆ ನೋಡಿ ಹೊರಟವನಿಗೆ ಸಿಂಹ ಸಿಕ್ಕರೂ ಸಿಕ್ಕೀತು, ಇಲ್ಲದಿದ್ದರೂ ಇಲ್ಲ. ಮೊಬೈಲ್ ಫೋನಿನ ಆ್ಯಪ್‌ಗಳು ಬಂದ ಮೇಲೆ ಈ ಸುದ್ದಿ ಕ್ಷಣಾರ್ಧದಲ್ಲಿ ಹರಡುತ್ತದೆ. ಚಿರತೆಯೊಂದು ಮರದ ಮೇಲೆ ಕಂಡಿತೆನ್ನುವಷ್ಟರಲ್ಲಿ ಕಾರುಗಳು ವೇಗಮಿತಿಯನ್ನು ಗಾಳಿಗೆ ತೂರಿ ಅಲ್ಲಿಗೆ ನುಗ್ಗುತ್ತವೆ, ಎರಡು ಮೂರು ಸಾಲಾಗಿ ನಿಂತು ರಸ್ತೆಯನ್ನೇ ಮುಚ್ಚುತ್ತವೆ. ದಾಟಬೇಕಾದ ಪ್ರಾಣಿ ದಾಟಲಾರದೆ ಹಿಂದೆ ಸರಿಯುತ್ತದೆ. ಧಾವಿಸುವ ಚಕ್ರಗಳಡಿ ಸಿಕ್ಕುವ ಆಮೆಯ ಕಡೆಗೆ ಯಾರ ಗಮನವೂ ಇರುವುದಿಲ್ಲ. ಅತಿವೇಗ, ವಾಹನದಟ್ಟಣೆ, ರಸ್ತೆಯಲ್ಲಿ ಸಾಯುವ ಪ್ರಾಣಿಗಳು, ಇವೆಲ್ಲವನ್ನೂ ಮುಂದಿಟ್ಟು ದಕ್ಷಿಣ ಆಫ್ರಿಕದ ರಾಷ್ಟ್ರೀಯ ಉದ್ಯಾನಗಳ ಆಡಳಿತವು 2016ರಲ್ಲೇ ಇಂಥ ಆ್ಯಪ್‌ಗಳ ವಿರುದ್ಧ ದನಿಯೆತ್ತಿತ್ತು. ಆದರೆ ಪ್ರವಾಸಿಗನ ಜೇಬಿನಲ್ಲಿರುವ ಫೋನನ್ನು ನಿಯಂತ್ರಿಸುವುದು ಯಾವ ಆಡಳಿತಕ್ಕೂ ಸುಲಭವಲ್ಲ.

ಹಾಗೆಂದು ಫೋನನ್ನೇ ದೂಷಿಸುವುದು ಸರಿಯಲ್ಲ. ಕ್ರೂಗರ್‌ಗೆ ಹಕ್ಕಿ ನೋಡಲೆಂದೇ ಬರುವ ಒಂದು ವರ್ಗವಿದೆ. ಅಲ್ಲಿ 500ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ. ಈ ಪಕ್ಷಿವೀಕ್ಷಕರ ಕೈಯಲ್ಲೂ ಫೋನು ಇರುತ್ತದೆ. 2007ರಲ್ಲಿ ಆರಂಭವಾದ ದಕ್ಷಿಣ ಆಫ್ರಿಕದ ಎರಡನೆಯ ಪಕ್ಷಿನಕ್ಷೆ ಯೋಜನೆಯಲ್ಲಿ ಸ್ವಯಂಸೇವಕರು ನೆಲವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿಕೊಂಡು, ಪ್ರತಿ ಚೌಕದಲ್ಲೂ ಕನಿಷ್ಠ ಎರಡು ಗಂಟೆ ಕಳೆದು, ಕಂಡ ಹಕ್ಕಿಗಳನ್ನೆಲ್ಲ ಪಟ್ಟಿ ಮಾಡುತ್ತಾರೆ. ಎರಡು ಗಂಟೆಗಳಲ್ಲಿ ಒಂದು ಚೌಕವನ್ನು ನೋಡುವವನು ಸಿಂಹದ ಸುದ್ದಿಗೆ ಓಡುವುದಿಲ್ಲ. ಲೋವರ್ ಸಾಬಿ ಶಿಬಿರದ ಬಳಿಯ ಸನ್‌ಸೆಟ್ ಕೆರೆಯಂಥ ಜಾಗದಲ್ಲಿ ಆತ ಎಂಜಿನ್ ಆರಿಸಿ ಸುಮ್ಮನೆ ಕೂರುತ್ತಾನೆ. ನೀರಾನೆಗಳು ಮೂಗೆತ್ತಿ ಉಸಿರು ಬಿಡುತ್ತವೆ, ಮೊಸಳೆ ದಂಡೆಯಲ್ಲಿ ಬಿದ್ದುಕೊಂಡಿರುತ್ತದೆ, ಒಣಮರದ ಮೇಲೆ ಕೊಕ್ಕರೆಗಳು ಗದ್ದಲ ಮಾಡುತ್ತವೆ. ದಾರಿಬದಿಯ ಮುಳ್ಳುಮರದ ತುದಿಯಲ್ಲಿ ಎದೆಯ ತುಂಬ ನಸುನೇರಳೆ ಬಣ್ಣ ಹೊತ್ತ ನಮ್ಮ ನೀಲಕಂಠನ ಬಂಧುವೊಂದು ಕೂತಿರುತ್ತದೆ. ಹುಲ್ಲಿನಲ್ಲಿ ಗಂಭೀರವಾಗಿ ಹೆಜ್ಜೆಯಿಡುವ ಕೋರಿ ಬಸ್ಟರ್ಡ್‌ನ್ನು ಕಂಡ ಕನ್ನಡಿಗನಿಗೆ ರಾಣೆಬೆನ್ನೂರಿನಿಂದ ಕಣ್ಮರೆಯಾದ ಎರೆಭೂತ ನೆನಪಾದರೆ ಆಶ್ಚರ್ಯವಿಲ್ಲ.

ಹಕ್ಕಿ ನೋಡುವವನಿಗೆ ಆಕಾಶವೂ ಕಾಡಿನ ಭಾಗವೇ. ಇದು ಬರಿಯ ಹವ್ಯಾಸದ ಮಾತಲ್ಲ. ಸತ್ತ ಪ್ರಾಣಿಯ ಮೇಲೆ ಸುತ್ತುವ ರಣಹದ್ದುಗಳನ್ನು ಕಂಡು ಅರಣ್ಯ ರಕ್ಷಕರು ಕಳ್ಳಬೇಟೆಯ ಜಾಗವನ್ನು ಗುರುತಿಸುತ್ತಾರೆ. ಇದು ಬೇಟೆಗಾರರಿಗೂ ಗೊತ್ತು. ಆದುದರಿಂದಲೇ ಅವರು ಹೆಣಕ್ಕೆ ವಿಷ ಹಾಕುತ್ತಾರೆ. 2025ರ ಮೇ ತಿಂಗಳಲ್ಲಿ ಕ್ರೂಗರ್‌ನೊಳಗೆ ವಿಷ ಬೆರೆಸಿದ ಆನೆಯ ಹೆಣವನ್ನು ತಿಂದು 120ಕ್ಕೂ ಹೆಚ್ಚು ರಣಹದ್ದುಗಳು ಸತ್ತವು. ಡೈಕ್ಲೋಫೆನಾಕ್ ಎಂಬ ಜಾನುವಾರು ಔಷಧಕ್ಕೆ ನಮ್ಮ ರಣಹದ್ದುಗಳನ್ನು ಬಲಿಕೊಟ್ಟ ಬಳಿಕ, 2006ರಲ್ಲಿ ಅದನ್ನು ನಿಷೇಧಿಸಿದ ದೇಶದವರಾದ ನಮಗೆ ಇದರ ಅರ್ಥವನ್ನು ವಿವರಿಸಬೇಕಿಲ್ಲ. ನೆಲದ ಮೇಲೆ ನಡೆದಾಡುವ ಕಪ್ಪು ಮಂಗಟ್ಟೆ ಹಕ್ಕಿಯ ಕಥೆಯೂ ಆತಂಕದ್ದೇ. ಒಂದು ಗುಂಪು ಸರಾಸರಿ ಒಂಬತ್ತು ವರ್ಷಕ್ಕೊಮ್ಮೆ ಒಂದು ಮರಿಯನ್ನು ಪ್ರಾಯಕ್ಕೆ ತರುತ್ತದೆ ಎನ್ನುತ್ತಾರೆ. ಈ ಹಕ್ಕಿ ಕಂಡರೆ ದಯವಿಟ್ಟು ತಿಳಿಸಿ ಎಂದು ಸಂರಕ್ಷಕರು ಪ್ರವಾಸಿಗರನ್ನು ಕೇಳಿಕೊಳ್ಳುತ್ತಾರೆ. ಅದೇ ಘೇಂಡಾಮೃಗ ಕಂಡರೆ ಯಾರಿಗೂ ಹೇಳಬೇಡಿ ಎನ್ನುತ್ತಾರೆ. ನಕ್ಷೆಯ ಹಲಗೆಯಿಂದ ಘೇಂಡಾಮೃಗದ ಗುರುತನ್ನೇ ತೆಗೆದುಹಾಕಲಾಗಿದೆ. 2010ರ ಸುಮಾರಿಗೆ 10,000 ಮೀರಿದ್ದ ಅಲ್ಲಿನ ಬಿಳಿ ಘೇಂಡಾಮೃಗಗಳು 2020ರ ಹೊತ್ತಿಗೆ 3,000ಕ್ಕಿಂತ ಕೆಳಗಿಳಿದಿದ್ದವು. ಯಾವ ಸುದ್ದಿಯನ್ನು ಯಾರಿಗೆ, ಯಾವಾಗ ಹೇಳಬೇಕು ಎಂಬ ವಿವೇಕ ಘೇಂಡಾಮೃಗದ ವಿಷಯದಲ್ಲಿ ಸಾಧ್ಯವಾಗುವುದಾದರೆ ಸಿಂಹ, ಚಿರತೆಗಳ ವಿಷಯದಲ್ಲಿ ಏಕಾಗಬಾರದು? ಸಂಜೆ ಹಲಗೆಯ ಮೇಲೆ ಗುರುತು ಹಚ್ಚುವಷ್ಟಕ್ಕೆ ತೃಪ್ತರಾಗುವುದು ಕಷ್ಟದ ತ್ಯಾಗವೇನಲ್ಲ.

ಕ್ರೂಗರ್‌ನ ನಂಬಿಕೆಯ ಪರಂಪರೆಯನ್ನು ಹೊಗಳುವಾಗ ಅದು ಎಲ್ಲರಿಗೂ ಸಲ್ಲುತ್ತಿರಲಿಲ್ಲ ಎಂಬುದನ್ನೂ ಹೇಳಲೇಬೇಕು. 1902ರಲ್ಲಿ ಇಲ್ಲಿನ ಹಿಂದಿನ ಅಭಯಾರಣ್ಯದ ಪಾಲಕನಾಗಿ ಬಂದ ಜೇಮ್ಸ್ ಸ್ಟೀವನ್ಸನ್ ಹ್ಯಾಮಿಲ್ಟನ್‌ಗೆ ಸ್ಥಳೀಯರು ಇಟ್ಟ ಅಡ್ಡಹೆಸರು ಸ್ಕುಕುಜಾ, ಎಂದರೆ ಗುಡಿಸಿಹಾಕುವವನು. ಆತ ಗುಡಿಸಿದ್ದು ಕಳ್ಳಬೇಟೆಗಾರರನ್ನಷ್ಟೇ ಅಲ್ಲ, ಅಲ್ಲಿ ಬದುಕಿದ್ದ ಜನರನ್ನೂ. ಉದ್ಯಾನದ ಮುಖ್ಯ ಶಿಬಿರಕ್ಕೆ ಇಂದಿಗೂ ಅದೇ ಹೆಸರು. ವರ್ಣಭೇದದ ಕಾಲದಲ್ಲಿ ಬಿಳಿಯರಲ್ಲದವರು ರಾತ್ರಿ ತಂಗಲು ಬಾಲುಲೆ ಎಂಬ ಪುಟ್ಟ ಶಿಬಿರವೊಂದೇ ಗತಿಯಾಗಿತ್ತು.

ನಮ್ಮಲ್ಲೂ ಸ್ವಂತ ವಾಹನದಲ್ಲಿ ಸಫಾರಿಗೆ ಬಿಡಬೇಕು ಎಂಬ ಬೇಡಿಕೆಗೆ ಕ್ರೂಗರನ್ನು ಆಧಾರ ಮಾಡಿಕೊಳ್ಳುವುದು ತಪ್ಪಾದೀತು. ಬಂಡೀಪುರದ ಕಾಡು ಚಿಕ್ಕದು, ದಟ್ಟವಾದುದು, ಅಂಚಿನುದ್ದಕ್ಕೂ ಊರುಗಳಿವೆ. ಅದನ್ನು ಸೀಳಿಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರವನ್ನು ನಿರ್ಬಂಧಿಸಬೇಕಾಯಿತು. ನಮ್ಮ ಚಾಲಕರ ಗುಣ ನಮಗೇ ಗೊತ್ತಿದೆ. ಆದರೆ ಅಲ್ಲಿಗೆ ಹೋಗುವ ಕನ್ನಡಿಗರಿಗೆ ಹೇಳಬಹುದಾದ ಮಾತೊಂದಿದೆ. ದಕ್ಷಿಣ ಆಫ್ರಿಕದಲ್ಲೂ ನಮ್ಮಂತೆ ರಸ್ತೆಯ ಎಡಕ್ಕೇ ಓಡಿಸುವುದು. ಹಾಗಾಗಿ ಬಾಡಿಗೆ ಕಾರು ಹಿಡಿಯಲು ಹೆಚ್ಚಿನ ಅಳುಕು ಬೇಕಿಲ್ಲ. ವಿದೇಶಿಯರ ಪ್ರವೇಶಶುಲ್ಕ ಸ್ಥಳೀಯರದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಅಷ್ಟು ಕೊಟ್ಟ ಮೇಲೆ ಒಂದೇ ದಿನದಲ್ಲಿ ಐದು ದೊಡ್ಡ ಪ್ರಾಣಿಗಳನ್ನು ಎಣಿಸಿ ಹಿಂತಿರುಗುವ ಆತುರ ನಷ್ಟದ ವ್ಯಾಪಾರವೇ ಸರಿ.

ಬಿಡುವಿದ್ದವರು ಉತ್ತರದ ತುದಿಯ ಪಾಫುರಿಯವರೆಗೆ ಹೋಗಬೇಕು. ಸಿಂಹ ಅಲ್ಲಿ ಅಪರೂಪಕ್ಕೆ ಕಂಡೀತು. ಹಕ್ಕಿಗಳಿಗೆ ಮಾತ್ರ ಅದು ಸ್ವರ್ಗ. ಲುವುವು ಮತ್ತು ಲಿಂಪೊಪೊ ನದಿಗಳ ನಡುವಿನ ಆ ನೆಲದಿಂದ 1969ರಲ್ಲಿ ಮಾಕುಲೆಕೆ ಜನರನ್ನು ಒಕ್ಕಲೆಬ್ಬಿಸಲಾಗಿತ್ತು. 1998ರಲ್ಲಿ ಭೂಮಿ ಅವರಿಗೆ ಮರಳಿತು. ಮರಳಿದ ಮೇಲೆ ಅವರು ಅಲ್ಲಿ ಮನೆ ಕಟ್ಟಲಿಲ್ಲ, ಕಾಡನ್ನು ಕಾಡಾಗಿಯೇ ಉಳಿಸಿಕೊಂಡು ಪ್ರವಾಸೋದ್ಯಮದ ಪಾಲುದಾರರಾದರು. ಲುವುವು ನದಿಯ ಸೇತುವೆಯ ಮೇಲೆ ಕಾರಿನಿಂದ ಇಳಿದು ನಿಲ್ಲಲು ಅನುಮತಿಯಿದೆ. ಅಲ್ಲಿಗೆ ಬಂದವರು ಹೆಚ್ಚಾಗಿ ಕೆಳಗಿನ ನೀರನ್ನೂ ದಂಡೆಯ ಮರಗಳನ್ನೂ ನೋಡುತ್ತ ಬಹಳ ಹೊತ್ತು ನಿಂತಿರುತ್ತಾರೆ.