ಸಾವಯವ ಕೃಷಿಗೆ ಊರಿನ ಒತ್ತಾಸೆ

ಭೂಮಿಯಿಂದ ಪಡೆದುದನ್ನು ಭೂಮಿಗೆ ಮರಳಿ ಕೊಡಬೇಕೆಂಬುದು ನಮ್ಮ ಒಕ್ಕಲುತನದ ಹಳೆಯ ನಿಯಮ. ತಿಪ್ಪೆಯ ಗೊಬ್ಬರ, ಕೆರೆಯ ಗೋಡು, ಹೊಂಗೆಯ ಸೊಪ್ಪು, ರಾಗಿಯ ನಡುವಣ ಅವರೆ ತೊಗರಿಗಳ ಅಕ್ಕಡಿ ಸಾಲು ಇವೆಲ್ಲವೂ ಆ ನಿಯಮದ ಪಾಲನೆಯೇ ಆಗಿದ್ದುವು. ರಾಸಾಯನಿಕ ಗೊಬ್ಬರ ಬಂದ ಮೇಲೆ ಇಳುವರಿ ಹೆಚ್ಚಿ ದೇಶದ ಹಸಿವು ತಗ್ಗಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಯೂರಿಯಾವನ್ನೇ ನೆಚ್ಚಿ ತಿಪ್ಪೆಯನ್ನು ಮರೆತ ಹೊಲಗಳಲ್ಲಿ ಮಣ್ಣಿನ ಸಾವಯವಾಂಶವು ಕುಗ್ಗಿ, ನೀರನ್ನು ಹಿಡಿದಿಡುವ ಶಕ್ತಿಯೂ ಕುಂದುತ್ತಿದೆ. ಮಳೆಯನ್ನೇ ನಂಬಿದ ರೈತನಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ.

ಸಭೆ ಸಮಾರಂಭಗಳಲ್ಲಿ ಈ ಮಾತನ್ನು ಕೇಳದ ರೈತನಿಲ್ಲ. ಆದರೂ ಆತನು ಹಿಂಜರಿಯುವುದೇಕೆ? 45 ಕಿಲೋ ತೂಕದ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕಿಲೋ ಸಾರಜನಕವಿದೆ. ಅಷ್ಟನ್ನು ಕೊಟ್ಟಿಗೆ ಗೊಬ್ಬರದಿಂದ ಒದಗಿಸಬೇಕಾದರೆ ಸುಮಾರು 4 ಟನ್ ಗೊಬ್ಬರ ಬೇಕು. ಟ್ರ್ಯಾಕ್ಟರು ಬಂದು ಎತ್ತುಗಳು ಹೋದ ಮನೆಯಲ್ಲಿ ಅದು ಎಲ್ಲಿಂದ ಬಂದೀತು? ಮೇಲಾಗಿ, ಸಾವಯವ ಪ್ರಮಾಣಪತ್ರದ ನಿಯಮದಂತೆ ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ 2 ವರ್ಷಗಳ, ಬಹುವಾರ್ಷಿಕ ಬೆಳೆಗಳಿಗೆ 3 ವರ್ಷಗಳ ಪರಿವರ್ತನೆಯ ಅವಧಿಯುಂಟು. ಆಗ ಇಳುವರಿ ತಗ್ಗಬಹುದು. ಸಾವಯವದ ಬೆಲೆಯಾದರೋ ಸುಲಭವಾಗಿ ಸಿಗದು. ಸಾಲ ಹೊತ್ತ ಸಣ್ಣ ಹಿಡುವಳಿದಾರನು ಈ ನಷ್ಟವನ್ನು ಒಬ್ಬನೇ ಭರಿಸಲೆಂಬುದು ನ್ಯಾಯವೇ?

ಬಲವಂತದಿಂದಲೂ ಈ ಕಾರ್ಯ ಸಾಧ್ಯವಾಗದು. 2021ರಲ್ಲಿ ಶ್ರೀಲಂಕಾ ಸರಕಾರವು ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಷೇಧಿಸಿ, ರೈತರ ಪ್ರತಿಭಟನೆಗೆ ಮಣಿದು ಅದೇ ವರ್ಷ ನವೆಂಬರಿನಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಭತ್ತದ ಬೆಳೆಗೆ ಪೆಟ್ಟು ಬಿದ್ದಿತ್ತು. ನಮ್ಮ ಸಿಕ್ಕಿಮ್ ರಾಜ್ಯವಾದರೋ 2003ರಲ್ಲಿ ಸಂಕಲ್ಪ ಮಾಡಿ, ಹಂತಹಂತವಾಗಿ ನಡೆದು, 2016ರಲ್ಲಿ ಸಾವಯವ ರಾಜ್ಯವೆಂದು ಘೋಷಿತವಾಯಿತು.

ಆದುದರಿಂದ ರೈತಬಂಧುಗಳು ಮೊದಲು ಅರ್ಧ ಎಕರೆಯಲ್ಲಿ ಪ್ರಯೋಗ ಮಾಡಲಿ. ಮುಂಗಾರಿನ ಮೊದಲ ಹದಕ್ಕೆ ಸೆಣಬನ್ನೋ ಡಯಾಂಚವನ್ನೋ ಬಿತ್ತಿ ಹೂವಾಡುವಾಗ ಉತ್ತರೆ ದನಗಳ ಕೊರತೆ ಕೊಂಚ ನೀಗುತ್ತದೆ. ಅವುಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಐದಾರು ರೈತರು ಗುಂಪು ಕಟ್ಟಿಕೊಂಡು ಪರಸ್ಪರರ ಹೊಲಗಳನ್ನು ಪರಿಶೀಲಿಸುವ ಸಹಭಾಗಿತ್ವದ ಪ್ರಮಾಣೀಕರಣ ಪದ್ಧತಿಯೂ ಇದೆ. ಅದರ ವೆಚ್ಚ ಅಲ್ಪ.

ಉಳಿದುದು ಊರಿನ ಹೊಣೆ. ಪರಿವರ್ತನೆಯ ಅವಧಿಯ ಧಾನ್ಯವನ್ನು ಸಹಕಾರ ಸಂಘಗಳು, ಅನುಕೂಲಸ್ಥರು ಹಾಗೂ ವಿದ್ಯಾರ್ಥಿಗಳ ಪ್ರಸಾದ ನಿಲಯಗಳು ಮೊದಲೇ ಒಪ್ಪಿದ ನ್ಯಾಯಬೆಲೆಗೆ ಕೊಳ್ಳಲಿ. ಶಾಲೆಗಳು ಒಂದು ತುಂಡು ಭೂಮಿಯಲ್ಲಿ ಎರಡು ಪದ್ಧತಿಗಳನ್ನೂ ಅಕ್ಕಪಕ್ಕದಲ್ಲಿ ಬೆಳೆದು, ಖರ್ಚು ಇಳುವರಿಗಳ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಗೋಡೆಗೆ ಅಂಟಿಸಲಿ. ದೊಡ್ಡಬಳ್ಳಾಪುರದ ಬಳಿಯ ಸಾವಯವ ಕೃಷಿಕ ದಿವಂಗತ ಎಲ್. ನಾರಾಯಣ ರೆಡ್ಡಿಯವರ ಹೊಲವನ್ನು ಕಂಡು ಕಲಿತವರು ಅನೇಕರು. ರೈತನು ಕಣ್ಣಾರೆ ಕಂಡುದನ್ನು ನಂಬುತ್ತಾನೆ.

ರೈತನಿಗೆ ಉಪದೇಶ ಮಾಡುವವರು ಆತನ ಎರಡು ವರ್ಷಗಳ ನಷ್ಟದಲ್ಲಿ ಪಾಲುದಾರರಾಗಲಿ. ಆಗ ಅವರ ಮಾತಿಗೂ ಬೆಲೆ ಬಂದೀತು, ಮಣ್ಣಿಗೂ ಜೀವ ಬಂದೀತು.