ಅಳತೆಗೋಲು ಮುಟ್ಟಿದ ತಳ ಯಾವುದು?

1770ರ ಜೂನ್ 11ರ ಬೆಳದಿಂಗಳ ರಾತ್ರಿ. ಆಸ್ಟ್ರೇಲಿಯದ ಈಶಾನ್ಯ ಕರಾವಳಿಯಲ್ಲಿ ಸಾಗುತ್ತಿದ್ದ ಜೇಮ್ಸ್ ಕುಕ್‌ನ ‘ಎಂಡೆವರ್’ ಹಾಯಿಹಡಗು ಹನ್ನೊಂದು ಗಂಟೆಯ ಸುಮಾರಿಗೆ ಹವಳದ ದಿಬ್ಬಕ್ಕೆ ಬಡಿದು ಸಿಕ್ಕಿಕೊಂಡಿತು. ಆಗ ಸಮುದ್ರದಲ್ಲಿ ಭರತವಿತ್ತು. ಇಳಿತದಲ್ಲಿ ಸಿಕ್ಕಿಕೊಂಡ ಹಡಗನ್ನು ಮುಂದಿನ ಭರತ ಎತ್ತಿಕೊಡುತ್ತದೆ. ಭರತದಲ್ಲೇ ಸಿಕ್ಕಿಕೊಂಡರೆ ನೀರು ಕಡಿಮೆಯಾಗುತ್ತಲೇ ಹೋಗುತ್ತದೆ. ಉಳಿದದ್ದು ಆರ್ಕಿಮಿಡೀಸನ ದಾರಿ: ಭಾರ ಇಳಿಸಿದರೆ ಹಡಗು ಮೇಲೇಳುತ್ತದೆ. ಆರು ಫಿರಂಗಿಗಳೂ ಸೇರಿ 40-50 ಟನ್ನಿನಷ್ಟು ಸಾಮಾನು ಸಮುದ್ರದ ಪಾಲಾಯಿತು. ಮರುದಿನ ಬೆಳಗಿನ ಭರತ ಸಾಲಲಿಲ್ಲ, ರಾತ್ರಿಯ ಭರತ ಎತ್ತಿತು.

ಹಡಗೇನೋ ತೇಲಿತು. ಆದರೆ ಪೆಟ್ಟು ಎಷ್ಟಾಗಿದೆ? ತಳ ನೀರಿನೊಳಗಿದೆ, ಕಣ್ಣಿಗೆ ಕಾಣುವುದಿಲ್ಲ. ಒಡಲೊಳಗೆ ಕೋಲು ಇಳಿಸಿ ನುಗ್ಗಿದ ನೀರಿನ ಆಳ ಅಳೆಯುವುದೊಂದೇ ಉಪಾಯ. ಆಳ 3 ಅಡಿ 9 ಅಂಗುಲ ಇತ್ತು; ಮೂರು ಪಂಪುಗಳು ಬಿಡುವಿಲ್ಲದೆ ನಡೆಯುತ್ತಿದ್ದವು. ಅಷ್ಟರಲ್ಲಿ ಅಳೆಯುವವನ ಪಾಳಿ ಮುಗಿದು ಬೇರೊಬ್ಬ ಬಂದ. ಅವನು ಹೇಳಿದ ಆಳ ಕೇಳಿ ಎಲ್ಲರ ಎದೆ ನಡುಗಿತು. ಸ್ವಲ್ಪ ಹೊತ್ತಿನಲ್ಲೇ ನೀರು 16-18 ಅಂಗುಲ ಏರಿತ್ತು!

ನೀರು ಏರಿರಲಿಲ್ಲ. ಹಡಗಿಗೆ ಹೊರಗೊಂದು, ಒಳಗೊಂದು ಹಲಗೆಯ ಪದರ. ನಡುವೆ ಸುಮಾರು 18 ಅಂಗುಲ ಸಂದು. ಮೊದಲಿನವನು ಒಳಹಲಗೆಯಿಂದ ಅಳೆಯುತ್ತಿದ್ದ, ಹೊಸಬ ಹೊರಹಲಗೆಯವರೆಗೆ ಕೋಲು ಇಳಿಸಿದ. ಇಬ್ಬರ ಅಳತೆಯೂ ಸರಿ, ಇಬ್ಬರ ಸೊನ್ನೆ ಬೇರೆ. ಪ್ರಯೋಗಾಲಯದಲ್ಲಿ ವರ್ನಿಯರ್‌ನ ಶೂನ್ಯ ದೋಷ ಮರೆತವರಿಗೆ ಅರ್ಧ ಅಂಕ ಹೋಗುತ್ತದೆ, ಅಷ್ಟೆ. ಇಲ್ಲಿ ದಣಿದ ನಾವಿಕರು ಆಸೆ ಬಿಟ್ಟು ಪಂಪು ನಿಲ್ಲಿಸಿದ್ದರೆ ಹಡಗೇ ಹೋಗುತ್ತಿತ್ತು. ತಪ್ಪು ತಿಳಿದದ್ದೇ ತಡ, ಅವರಿಗೆ ಎರಡರಷ್ಟು ಹುರುಪು ಬಂತು.

ಬಳಿಕ ಹಾಯಿಬಟ್ಟೆಯೊಂದಕ್ಕೆ ಹಗ್ಗದ ನಾರು, ಉಣ್ಣೆ, ಕುರಿಹಿಕ್ಕೆ ಮೆತ್ತಿ ಹಡಗಿನಡಿ ಎಳೆದರು. ಒಳನುಗ್ಗುವ ನೀರಿನ ಒತ್ತಡವೇ ಅದನ್ನು ತೂತಿಗೆ ಒತ್ತಿ ಹಿಡಿಯಿತು. ಒಂದೇ ಪಂಪು ಸಾಕಾಯಿತು.

ಈಗ ಕುಕ್‌ಟೌನ್ ಇರುವಲ್ಲಿ ನದಿಯ ದಡಕ್ಕೆ ಹಡಗನ್ನು ಎಳೆದು ನೋಡಿದಾಗ, ಹಲಗೆಗಳು ಉಳಿಯಿಂದ ಕೊರೆದಂತೆ ಕತ್ತರಿಸಿದ್ದವು. ಆ ತೂತಿನಲ್ಲಿ ಹವಳದ ತುಂಡೊಂದು ಬಿರಡೆಯಂತೆ ಸಿಕ್ಕಿಕೊಂಡಿತ್ತು! ಸುಮಾರು ಏಳು ವಾರ ಅಲ್ಲೇ ನಿಂತು ರಿಪೇರಿ ಮಾಡಿದರು. ಆದರೆ ಇಳಿತದಲ್ಲೂ ನಡುತಳ ಪೂರ್ತಿ ಬಯಲಾಗಲಿಲ್ಲ. ಅಷ್ಟು ಭಾಗ ನೋಡದೆಯೇ ಆಗಸ್ಟ್‌ನಲ್ಲಿ ಹೊರಟರು.

ನೋಡದೆ ಬಿಟ್ಟದ್ದು ನವೆಂಬರ್‌ನಲ್ಲಿ, ಇಂದಿನ ಜಕಾರ್ತವಾದ ಬಟೇವಿಯದಲ್ಲಿ ಹಡಗನ್ನು ವಾಲಿಸಿದಾಗ ಕಂಡಿತು. ಹಡಗಿನ ಬೆನ್ನೆಲುಬಾದ ಕೀಲ್‌ನ ಬಳಿ ಎರಡೂವರೆ ಹಲಗೆಗಳು ಆರು ಅಡಿ ಉದ್ದಕ್ಕೆ ತೇದುಹೋಗಿದ್ದವು. ಉಳಿದ ದಪ್ಪ ಅಂಗುಲದ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿಲಿಮೀಟರ್. ಒಳಗಿನ ಮರಕ್ಕೂ ಹುಳು ಹಿಡಿದಿತ್ತು. ಹಲಗೆ ಬದಲಿಸಿ, ಡಿಸೆಂಬರ್ 26ರಂದು ಹಡಗು ಇಂಗ್ಲೆಂಡಿನ ದಾರಿ ಹಿಡಿಯಿತು.